ವಿಮಾನ ನಿಲ್ದಾಣದಲ್ಲಿ ಕಾಯುವ ಹೊತ್ತು: ಕಟ್ಟಡದ ಹಿಂದಿನ ಲೆಕ್ಕ

ಬೆಂಗಳೂರಿನಿಂದ ಮುಂಬೈಗೆ ವಿಮಾನ ಆಕಾಶದಲ್ಲಿ ಇರುವುದು ಹೆಚ್ಚುಕಮ್ಮಿ ಒಂದೂವರೆ ಗಂಟೆ. ಅದಕ್ಕಾಗಿ ಪ್ರಯಾಣಿಕರು ನಿಲ್ದಾಣದೊಳಗೆ ಕಳೆಯುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ನಿಜವಾದ ಕೆಲಸ ಎಷ್ಟು ಹೊತ್ತಿನದು ಎಂದು ಕೂಡಿಸಿ ನೋಡಿ. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಲು ಅರ್ಧ ನಿಮಿಷ, ಲಗೇಜು ತೂಗಿಸಿ ಒಪ್ಪಿಸಲು ಎರಡು ಮೂರು ನಿಮಿಷ, ತಪಾಸಣೆಗೆ ಮೂರು ನಾಲ್ಕು ನಿಮಿಷ, ನಡಿಗೆ ಹತ್ತು ನಿಮಿಷ. ಇಪ್ಪತ್ತು ನಿಮಿಷ ದಾಟುವುದಿಲ್ಲ. ಮಿಕ್ಕಿದ್ದೆಲ್ಲ ಕಾಯುವುದೇ.

ಟರ್ಮಿನಲ್ ಕಟ್ಟುವವರಿಗೆ ಇದು ಮೊದಲ ಪಾಠ. ಕಾಯುವುದನ್ನು ಪೂರ್ತಿ ಇಲ್ಲವಾಗಿಸಲು ಯಾರಿಂದಲೂ ಆಗುವುದಿಲ್ಲ. ಅದು ಎಲ್ಲಿ ಆಗಬೇಕು, ನಿಂತೋ ಕೂತೋ, ಎಷ್ಟು ಹೊತ್ತು ಎಂದು ಗೊತ್ತಿದ್ದೋ ಗೊತ್ತಿಲ್ಲದೆಯೋ ಎಂಬುದನ್ನು ಮಾತ್ರ ವಿನ್ಯಾಸ ತೀರ್ಮಾನಿಸುತ್ತದೆ. ತಪಾಸಣೆಯ ಸಾಲಿನಲ್ಲಿ ನಿಂತ ಇಪ್ಪತ್ತು ನಿಮಿಷವೂ ಗೇಟಿನ ಎದುರು ಕೂತ ಇಪ್ಪತ್ತು ನಿಮಿಷವೂ ಗಡಿಯಾರಕ್ಕೆ ಒಂದೇ, ಮೈಮನಸ್ಸಿಗೆ ಒಂದೇ ಅಲ್ಲ. ಮೊದಲನೆಯದರಲ್ಲಿ ವಿಮಾನ ತಪ್ಪೀತೆಂಬ ಭಯ ಜೊತೆಗಿರುತ್ತದೆ.

ಮನೆಯಿಂದ ಅಷ್ಟು ಬೇಗ ಹೊರಡುವುದೂ ಈ ಭಯದಿಂದಲೇ. ಬೆಂಗಳೂರಿನ ನಡುಭಾಗದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರ್. ಬೆಳಗಿನ ಜಾವ ಮುಕ್ಕಾಲು ಗಂಟೆಯ ದಾರಿ, ಸಂಜೆ ಮಳೆ ಬಂದರೆ ಎರಡು ಗಂಟೆ. ಸರಾಸರಿ ನಂಬಿಕೊಂಡು ಯಾರೂ ಹೊರಡುವುದಿಲ್ಲ, ಅತಿ ಕೆಟ್ಟ ದಿನವನ್ನು ನೆನೆದು ಹೊರಡುತ್ತಾರೆ. ಹೆಬ್ಬಾಳದಲ್ಲಿ ಟ್ರಾಫಿಕ್ ಸಿಗಲಿಲ್ಲವೆಂದರೆ ಆ ಉಳಿತಾಯವೆಲ್ಲ ಟರ್ಮಿನಲ್‌ನ ಕುರ್ಚಿಯ ಮೇಲೆ ಬಂದು ಕೂರುತ್ತದೆ. ರಸ್ತೆಯ ಅನಿಶ್ಚಿತತೆಗೆ ನಿಲ್ದಾಣವೇ ಗೋದಾಮು. ಪ್ರಯಾಣದ ಸಮಯ ಹತ್ತು ನಿಮಿಷ ಕಡಿಮೆಯಾಗುವುದಕ್ಕಿಂತ ದಿನದಿಂದ ದಿನಕ್ಕೆ ಅದು ಏರುಪೇರಾಗದಿರುವುದು ಕಾಯುವ ಹೊತ್ತನ್ನು ಹೆಚ್ಚು ಇಳಿಸುತ್ತದೆ. ತಪಾಸಣೆ ಸಾಲಿಗೂ ಇದೇ ಮಾತು ಅನ್ವಯ.

ಯಾವ ಗಂಟೆಗೆ ಕಟ್ಟಬೇಕು?

ಬೆಂಗಳೂರಿನ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. 2023ರ ಜನವರಿ 15ರಿಂದ ದೇಶೀಯ ವಿಮಾನಗಳು, ಅದೇ ವರ್ಷ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಂದ ಹಾರತೊಡಗಿದವು. ಮೊದಲ ಹಂತದ ವಿಸ್ತೀರ್ಣ ಸುಮಾರು 2.55 ಲಕ್ಷ ಚದರ ಮೀಟರ್, ವರ್ಷಕ್ಕೆ 2.5 ಕೋಟಿ ಪ್ರಯಾಣಿಕರ ಸಾಮರ್ಥ್ಯ.

2.5 ಕೋಟಿಯನ್ನು ವರ್ಷದ ಗಂಟೆಗಳಿಗೆ ಭಾಗಿಸಿದರೆ ಗಂಟೆಗೆ ಸುಮಾರು 2,850 ಜನ. ಆ ಸಂಖ್ಯೆಗೆ ಕಟ್ಟಿದರೆ ಬೆಳಿಗ್ಗೆ ಆರಕ್ಕೇ ಕಟ್ಟಡ ಕುಸಿದು ಕೂರುತ್ತದೆ. ಜನ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ನ ಹಳೆಯ ಕೈಲೆಕ್ಕವೊಂದಿದೆ: ವರ್ಷಕ್ಕೆ ಎರಡರಿಂದ ಮೂರು ಕೋಟಿ ಪ್ರಯಾಣಿಕರಿರುವ ನಿಲ್ದಾಣದಲ್ಲಿ ಒಂದು ತುಂಬು ಗಂಟೆಯ ಜನಸಂಖ್ಯೆ ವಾರ್ಷಿಕ ಸಂಖ್ಯೆಯ ಶೇ 0.04. ಅಂದರೆ ಬಂದವರು, ಹೊರಟವರು ಸೇರಿ 10,000 ಜನ, ಸರಾಸರಿಯ ಮೂರೂವರೆ ಪಟ್ಟು. ನಿಲ್ದಾಣ ಚಿಕ್ಕದಾದಷ್ಟೂ ಈ ಪಾಲು ಏರುತ್ತದೆ. ವರ್ಷಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವಲ್ಲಿ ಶೇ 0.2.

ಶಿವಮೊಗ್ಗದಲ್ಲಿ ಇದು ಕಣ್ಣಿಗೇ ಕಾಣುತ್ತದೆ. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಆ ತಾವರೆ ಆಕಾರದ ಟರ್ಮಿನಲ್‌ಗೆ ಗಂಟೆಗೆ 300 ಪ್ರಯಾಣಿಕರ ಸಾಮರ್ಥ್ಯ. 78 ಸೀಟಿನ ಎಟಿಆರ್ ವಿಮಾನವೊಂದು ಬಂದು ಹೋದರೆ ಇಳಿದವರು, ಹತ್ತಿದವರು ಸೇರಿ 156 ಜನ. ಒಂದೇ ಗಂಟೆಯಲ್ಲಿ ಅಂಥ ಎರಡು ತುಂಬಿದ ವಿಮಾನ ಬಂದರೆ 312. ದಿನದ ಉಳಿದ ಹೊತ್ತೆಲ್ಲ ಖಾಲಿಯಿರುವ ಹಾಲ್ ಆ ಒಂದು ಗಂಟೆ ಬಿಗಿಯಾಗುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಹೊಸ ಕಟ್ಟಡ ಕಟ್ಟುವುದಕ್ಕಿಂತ ಎರಡು ವಿಮಾನಗಳ ಹೊತ್ತನ್ನು ನಲವತ್ತು ನಿಮಿಷ ಆಚೀಚೆ ಮಾಡುವುದೇ ಎಷ್ಟೋ ಸಲ ದೊಡ್ಡ ಸುಧಾರಣೆ.

ಸಾಲಿನ ಗಣಿತ

ಒಂದೇ ಕೌಂಟರ್ ಇದೆ, ಒಬ್ಬೊಬ್ಬರಿಗೆ ಸರಾಸರಿ ಮೂರು ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಕೆಲವರದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಕೆಲವರ ಪೆಟ್ಟಿಗೆ ಎರಡು ಕೆಜಿ ಜಾಸ್ತಿಯಾಗಿ ನೆಲದ ಮೇಲೆ ಬಿಚ್ಚಿ ಹೊಂದಿಸುತ್ತ ಹತ್ತು ನಿಮಿಷವಾಗುತ್ತದೆ. ಜನ ಬರುವುದೂ ಹೀಗೇ ಏರುಪೇರಾಗಿ. ಕೌಂಟರಿನವರು ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸಾಲಿನಲ್ಲಿ ಸರಾಸರಿ 12 ನಿಮಿಷ ಕಾಯಬೇಕು. ಶೇ 90 ಆದರೆ 27 ನಿಮಿಷ. ಶೇ 95 ಆದರೆ 57 ನಿಮಿಷ. ಕೆಲಸ ಹೆಚ್ಚಾದದ್ದು ಸ್ವಲ್ಪ, ಕಾಯುವುದು ಹೆಚ್ಚಾದದ್ದು ನಾಲ್ಕೈದು ಪಟ್ಟು. ನೂರಕ್ಕೆ ನೂರು ಆದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಸಿಬ್ಬಂದಿ ಒಂದು ನಿಮಿಷವೂ ಸುಮ್ಮನೆ ಕೂರಬಾರದು ಎಂದು ಹಟ ಹಿಡಿಯುವ ಆಡಳಿತ ಪ್ರಯಾಣಿಕರನ್ನು ಗಂಟೆಗಟ್ಟಲೆ ನಿಲ್ಲಿಸುವುದು ಈ ಕಾರಣಕ್ಕೆ. ಕೌಂಟರ್ ಆಗಾಗ ಖಾಲಿ ಕಾಣುವುದು ವ್ಯವಸ್ಥೆ ಆರೋಗ್ಯವಾಗಿದೆ ಎಂಬುದರ ಲಕ್ಷಣ.

ಇನ್ನು ಅದೇ ಮೂರು ನಿಮಿಷದ, ಅದೇ ಶೇ 90ರ ಹೊರೆಯ ಹತ್ತು ಕೌಂಟರ್‌ಗಳಿವೆ ಎನ್ನಿ. ಹತ್ತಕ್ಕೂ ಬೇರೆ ಬೇರೆ ಸಾಲು, ಯಾರೂ ಸಾಲು ಬದಲಿಸುವುದಿಲ್ಲ ಎಂದಾದರೆ ಕಾಯುವುದು ಮತ್ತೆ 27 ನಿಮಿಷ. ಹಾವಿನಂತೆ ಸುತ್ತುವ ಒಂದೇ ಸಾಲು ಮಾಡಿ, ಮುಂದಿದ್ದವರು ಖಾಲಿಯಾದ ಕೌಂಟರಿಗೆ ಹೋಗುವಂತೆ ಮಾಡಿದರೆ ಸರಾಸರಿ ಬರೀ 2 ನಿಮಿಷ. ವಾಸ್ತವದಲ್ಲಿ ಜನ ಸಾಲಿನಿಂದ ಸಾಲಿಗೆ ಹಾರುವುದರಿಂದ ವ್ಯತ್ಯಾಸ ಇಷ್ಟು ದೊಡ್ಡದಿರುವುದಿಲ್ಲ. ಆದರೂ ಒಂದೇ ಸಾಲಿನಲ್ಲಿ ಹಿಂದೆ ಬಂದವರು ಮುಂದೆ ಹೋಗುವುದಿಲ್ಲ. ಕಾದದ್ದಕ್ಕಿಂತ ಅನ್ಯಾಯವಾಯಿತು ಎಂಬ ಭಾವನೆಯೇ ಜನರನ್ನು ಹೆಚ್ಚು ಕೆರಳಿಸುವುದು.

ಸಾಲಿಗೆ ಜಾಗ ಎಷ್ಟು ಬೇಕೆಂಬುದಕ್ಕೆ ಸುಲಭದ ಗುಣಾಕಾರವಿದೆ: ಗಂಟೆಗೆ ಬರುವ ಜನ, ಅವರು ಕಾಯುವ ಹೊತ್ತು. ತಪಾಸಣೆಗೆ ಗಂಟೆಗೆ 600 ಜನ ಬಂದು ತಲಾ 10 ನಿಮಿಷ ಕಾಯುತ್ತಾರೆ ಎಂದರೆ ಯಾವ ಕ್ಷಣದಲ್ಲಿ ನೋಡಿದರೂ ಸಾಲಿನಲ್ಲಿ 100 ಜನ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ ಐಎಟಿಎ ಇಲ್ಲಿ ತಲೆಗೆ 1ರಿಂದ 1.2 ಚದರ ಮೀಟರ್ ಸೂಚಿಸುತ್ತದೆ. ಅಲ್ಲಿಗೆ 120 ಚದರ ಮೀಟರ್ ಹಾಲ್ ಸಾಕು. ಕಾಯುವುದು 20 ನಿಮಿಷಕ್ಕೇರಿದರೆ ಅದೇ ಹಾಲಿನಲ್ಲಿ 200 ಜನ, ತಲೆಗೆ 0.6 ಚದರ ಮೀಟರ್. ಹೆಗಲಿಗೆ ಹೆಗಲು ತಾಗುತ್ತದೆ, ಟ್ರಾಲಿ ಬ್ಯಾಗು ಇನ್ನೊಬ್ಬರ ಹಿಮ್ಮಡಿಗೆ ಬಡಿಯುತ್ತದೆ, ಸಾಲಿನ ಬಾಲ ಚೆಕ್-ಇನ್ ಹಾಲಿಗೆ ಚಾಚಿ ಅಲ್ಲಿನವರ ದಾರಿಯನ್ನೂ ಕಟ್ಟುತ್ತದೆ. ಒಂದು ಕಡೆಯ ತಡ ಇನ್ನೊಂದು ಕಡೆಗೆ ಹಬ್ಬುವುದು ಹೀಗೆ.

ಅದೇ ಸಂಘದ ಕೈಪಿಡಿಯ ಪ್ರಕಾರ ಸಾಮಾನ್ಯ ದರ್ಜೆಯ ಚೆಕ್-ಇನ್‌ಗೆ 10ರಿಂದ 20 ನಿಮಿಷ, ತಪಾಸಣೆಗೆ 5ರಿಂದ 10 ನಿಮಿಷ ಕಾಯುವುದು ಹದ. ಅದಕ್ಕಿಂತ ಕಡಿಮೆ ಕಾಯಿಸಿದರೂ, ಹೆಚ್ಚು ಜಾಗ ಕೊಟ್ಟರೂ ‘ಅಗತ್ಯಕ್ಕಿಂತ ಹೆಚ್ಚು’ ಎಂದೇ ಅದನ್ನು ಗುರುತಿಸುತ್ತಾರೆ. ಖಾಲಿ ಹಾಲನ್ನು ಗುಡಿಸುವ, ತಂಪಾಗಿಡುವ ಖರ್ಚು ಕೊನೆಗೆ ಟಿಕೆಟ್ಟಿನ ಮೇಲೇ ಬೀಳುವುದರಿಂದ ಈ ಎಚ್ಚರ ಸರಿಯಾದದ್ದೇ.

ಟ್ರೇ ಇಡುವ ಮೇಜು

ತಪಾಸಣೆ ನಿಧಾನವಾದರೆ ಎಲ್ಲರೂ ಎಕ್ಸ್‌ರೇ ಯಂತ್ರವನ್ನು ನೋಡುತ್ತಾರೆ. ನೋಡಬೇಕಾದದ್ದು ಅದರ ಮುಂದಿನ ಎರಡು ಮೂರು ಮೀಟರ್ ಮೇಜನ್ನು. ಅಲ್ಲಿ ಒಬ್ಬರು ಬೆಲ್ಟು ಬಿಚ್ಚಿ, ಪರ್ಸು ತೆಗೆದು, ಲ್ಯಾಪ್‌ಟಾಪ್ ಹೊರಗಿಟ್ಟು, ಚಾರ್ಜರು ನೆನಪಾಗಿ ಮತ್ತೆ ಬ್ಯಾಗು ತೆರೆಯುತ್ತಿದ್ದಾರೆ. ಹಿಂದೆ ನಿಂತವರ ಟ್ರೇ ಸಿದ್ಧವಿದೆ, ದಾಟಿ ಹೋಗಲು ಜಾಗವಿಲ್ಲ. ಯಂತ್ರ ಖಾಲಿ ಸುತ್ತುತ್ತಿದೆ. ಹೊಸ ಮಾದರಿಯ ಲೇನ್‌ಗಳಲ್ಲಿ ಮೂರು ನಾಲ್ಕು ಜನ ಅಕ್ಕಪಕ್ಕ ನಿಂತು ಒಟ್ಟಿಗೇ ಟ್ರೇ ತುಂಬುತ್ತಾರೆ, ಮೊದಲು ಮುಗಿಸಿದವರು ಮೊದಲು ತಳ್ಳುತ್ತಾರೆ. ಅನುಮಾನ ಬಂದ ಟ್ರೇ ತಾನಾಗಿ ಪಕ್ಕದ ಹಳಿಗೆ ಸರಿಯುತ್ತದೆ, ಖಾಲಿ ಟ್ರೇಗಳು ಕೆಳಗಿನಿಂದ ಮರಳುತ್ತವೆ.

ಆಚೆ ಬದಿಯಲ್ಲೂ ಇಷ್ಟೇ ಎಚ್ಚರ ಬೇಕು. ಬೆಲ್ಟು ಕಟ್ಟಿಕೊಂಡು, ಶೂ ಹಾಕಿಕೊಂಡು, ಬ್ಯಾಗು ಮುಚ್ಚುವವರು ಬಿಚ್ಚುವಾಗಿನದಕ್ಕಿಂತ ನಿಧಾನ. ಆ ಕಡೆಯ ಹಳಿ ಗಿಡ್ಡವಿದ್ದರೆ ಟ್ರೇಗಳು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ಯಂತ್ರವೂ ನಿಲ್ಲುತ್ತದೆ. ಹೊರಬದಿ ಒಳಬದಿಗಿಂತ ಉದ್ದವಿರಬೇಕು, ಬೆಂಚುಗಳು ಹಳಿಯಿಂದ ನಾಲ್ಕು ಹೆಜ್ಜೆ ದೂರ ಇರಬೇಕು. ನಮ್ಮಲ್ಲಿ ಇನ್ನೊಂದು ವಿಷಯವಿದೆ. ಹೆಂಗಸರ ತಪಾಸಣೆ ಪರದೆಯ ಒಳಗೆ ಪ್ರತ್ಯೇಕವಾಗಿ ನಡೆಯುತ್ತದೆ. ನಾಲ್ಕು ಲೇನಿಗೆ ಒಂದೇ ಪರದೆ ಕೋಣೆ ಇಟ್ಟರೆ ಅವರ ಬ್ಯಾಗು ಮೊದಲೇ ಆಚೆ ತಲುಪಿ ಕಾಯುವವರಿಲ್ಲದೆ ಬಿದ್ದಿರುತ್ತದೆ, ಅವರು ಈಚೆ ಕತ್ತು ಚಾಚುತ್ತ ನಿಂತಿರುತ್ತಾರೆ. ಎಷ್ಟು ಹೆಂಗಸರು ಪ್ರಯಾಣಿಸುತ್ತಾರೆ ಎಂದು ಎಣಿಸದೆ ನಕ್ಷೆ ಹಾಕಿದ್ದರ ಫಲ ಇದು.

ಈ ಎಲ್ಲಕ್ಕೂ ಒಂದು ಗಟ್ಟಿ ಮಿತಿ ಇದೆ. ದೇಶೀಯ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ, ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು. ಕೊನೆಯ ಗಳಿಗೆಯಲ್ಲಿ ಬ್ಯಾಗು ಒಪ್ಪಿಸಿದವರಿಗೆ ನಡುವೆ ಸಿಗುವುದು 35 ನಿಮಿಷ. ತಪಾಸಣೆಯ ಸಾಲು 20 ನಿಮಿಷ, ನಡಿಗೆ 10 ನಿಮಿಷ ಎಂದರೆ ಉಳಿದದ್ದು ಐದು.

ತಪಾಸಣೆಯನ್ನು ಎಲ್ಲಿ ಇಡಬೇಕೆಂಬುದಕ್ಕೆ ಬೇರೆ ಉತ್ತರವೂ ಇದೆ. ಸಿಂಗಪುರದ ಚಾಂಗಿಯ ಮೊದಲ ಮೂರು ಟರ್ಮಿನಲ್‌ಗಳಲ್ಲಿ ತಪಾಸಣೆ ಪ್ರತಿ ಗೇಟಿನ ಬಾಗಿಲಲ್ಲಿ, 2017ರಲ್ಲಿ ತೆರೆದ ನಾಲ್ಕನೆಯದರಲ್ಲಿ ಎಲ್ಲರಿಗೂ ಒಂದೇ ಕಡೆ. ಗೇಟಿನಲ್ಲಿ ಇಟ್ಟರೆ ಪ್ರಯಾಣಿಕರು ಕೊನೆಯವರೆಗೂ ನಿರಾಳವಾಗಿ ಅಡ್ಡಾಡಬಹುದು, ಆದರೆ ಒಳಗೆ ಹೋದಮೇಲೆ ಗಾಜಿನ ಕೋಣೆಯಲ್ಲಿ ಬಂದಿಗಳು, ಯಂತ್ರಗಳೂ ಸಿಬ್ಬಂದಿಯೂ ಹೆಚ್ಚು ಬೇಕು. ಒಂದೇ ಕಡೆ ಇಟ್ಟರೆ ಯಂತ್ರಗಳೆಲ್ಲ ಎಲ್ಲರ ಪಾಲಿಗೂ ಒದಗುತ್ತವೆ. ಮೇಲಿನ ಒಂದೇ ಸಾಲಿನ ಲೆಕ್ಕ ಇಲ್ಲೂ ಗೆಲ್ಲುತ್ತದೆ.

ಗೇಟು ಅಷ್ಟು ದೂರ ಏಕೆ?

ಹೊಸ ಟರ್ಮಿನಲ್‌ಗಳ ಬಗ್ಗೆ ಎಲ್ಲರ ದೂರು ಒಂದೇ, ನಡೆದೂ ನಡೆದೂ ಸುಸ್ತು. ಇದರ ಮೂಲ ಕಟ್ಟಡದಲ್ಲಿಲ್ಲ, ವಿಮಾನದ ರೆಕ್ಕೆಯಲ್ಲಿದೆ. ಏರ್‌ಬಸ್ ಎ320 ನಿಯೋದ ರೆಕ್ಕೆಯ ತುದಿಯಿಂದ ತುದಿಗೆ 35.8 ಮೀಟರ್. ಪಕ್ಕದ ವಿಮಾನಕ್ಕೂ ಅದಕ್ಕೂ 4.5 ಮೀಟರ್ ಅಂತರ ಇರಲೇಬೇಕು. ಹಾಗಾಗಿ ಒಂದು ಗೇಟಿಗೂ ಮುಂದಿನ ಗೇಟಿಗೂ ಸುಮಾರು 40 ಮೀಟರ್. ದೊಡ್ಡ ಬೋಯಿಂಗ್ 777-300ಇಆರ್‌ಗೆ 72 ಮೀಟರ್ ದಾಟುತ್ತದೆ. ಇಪ್ಪತ್ತು ಸಣ್ಣ ವಿಮಾನಗಳನ್ನು ಒಂದೇ ಬದಿಗೆ ಸಾಲಾಗಿ ನಿಲ್ಲಿಸಿದರೆ 800 ಮೀಟರ್ ಉದ್ದದ ಕಟ್ಟಡ, ಕೊನೆಯ ಗೇಟಿಗೆ ಸಾಮಾನ್ಯ ನಡಿಗೆಯಲ್ಲಿ ಹತ್ತು ನಿಮಿಷ. ಎರಡೂ ಬದಿಗೆ ನಿಲ್ಲಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಬೆರಳಿನಂತೆ ಚಾಚಿದ ಕಟ್ಟಡಗಳು ಇಷ್ಟು ಸಾಮಾನ್ಯವಾದದ್ದು ಈ ಲೆಕ್ಕದಿಂದ.

ಸಹಾಯವಿಲ್ಲದೆ ಒಂದೇ ಸಮ ನಡೆಯಲು 300 ಮೀಟರ್ ಮಿತಿ ಎಂಬುದು ವೃತ್ತಿಯಲ್ಲಿ ಬಹುಕಾಲದ ನಿಯಮ. ಅದರಾಚೆಗೆ ಚಲಿಸುವ ನಡೆದಾರಿ ಹಾಕುತ್ತಾರೆ. ಅದರ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಮನುಷ್ಯರ ನಡಿಗೆ 1.3 ಮೀಟರ್. ಅದರ ಮೇಲೆ ನಿಂತುಬಿಟ್ಟರೆ ಪಕ್ಕದಲ್ಲಿ ನಡೆಯುವವರಿಗಿಂತ ತಡವಾಗಿ ತಲುಪುತ್ತೀರಿ. ಅದರಿಂದ ಉಳಿಯುವುದು ಕಾಲು, ಹೊತ್ತಲ್ಲ. ಮಂಡಿನೋವಿರುವ ಹಿರಿಯರಿಗೆ ಅದೇ ಮುಖ್ಯ.

ಗೇಟಿನ ಎದುರಿನ ಲೌಂಜಿಗೂ ಲೆಕ್ಕವಿದೆ. 186 ಸೀಟಿನ ವಿಮಾನದಲ್ಲಿ 170 ಜನ ಹೊರಟಿದ್ದಾರೆ ಎನ್ನಿ. ಶೇ 70 ಜನರಿಗೆ ಕುರ್ಚಿ, ಕೂತವರಿಗೆ ತಲಾ 1.7 ಚದರ ಮೀಟರ್, ನಿಂತವರಿಗೆ 1.2. ಒಟ್ಟು 260 ಚದರ ಮೀಟರ್ ಆಸುಪಾಸು. ಗೇಟಿನ ಅಗಲ 40 ಮೀಟರ್ ಆದ್ದರಿಂದ ಆರೂವರೆ ಮೀಟರ್ ಆಳದ ಪಟ್ಟಿ ಸಾಕು. ಲೌಂಜುಗಳೆಲ್ಲ ಉದ್ದನೆಯ ಪಡಸಾಲೆಯಂತೆ ಕಾಣುವುದು ಇದಕ್ಕೇ. ಒಂದು ವಿಮಾನ ತಡವಾಗಿ, ಮುಂದಿನದರ ಜನವೂ ಬಂದರೆ ಅದೇ ಪಟ್ಟಿಯಲ್ಲಿ 340 ಜನ. ಚಳಿಗಾಲದಲ್ಲಿ ದೇವನಹಳ್ಳಿಯ ಕಡೆ ಬೆಳಗಿನ ಮಂಜು ಕವಿದಾಗ ಎಲ್ಲ ಗೇಟುಗಳಲ್ಲೂ ಒಟ್ಟಿಗೆ ಹೀಗಾಗಬಹುದು. ಅಂಥ ದಿನಕ್ಕೆ ಪಕ್ಕದ ಲೌಂಜುಗಳ ನಡುವೆ ಗೋಡೆ ಇರಬಾರದು. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಹರಿಯುವಂತಿರಬೇಕು.

ಕುರ್ಚಿಗಳನ್ನು ಹತ್ತಿರದಿಂದ ನೋಡಿ. ಐದು ಕುರ್ಚಿಗಳ ಒಂದು ಸಾಲು. ಮೊದಲು ಬಂದವರು ಒಂದು ತುದಿಯಲ್ಲಿ, ಎರಡನೆಯವರು ಇನ್ನೊಂದು ತುದಿಯಲ್ಲಿ. ಮೂರನೆಯವರು ನಡುವೆ ಕೂತು ಪಕ್ಕದ ಕುರ್ಚಿಯಲ್ಲಿ ಬ್ಯಾಗು ಇಡುತ್ತಾರೆ. ಅಲ್ಲಿಗೆ ಆ ಸಾಲು ತುಂಬಿತು. ನಕ್ಷೆಯಲ್ಲಿ ಐದು, ನೆಲದ ಮೇಲೆ ಮೂರು. ಬ್ಯಾಗಿಗೆ ಕುರ್ಚಿಯ ಮುಂದೆ ನೆಲದಲ್ಲಿ ಜಾಗವಿದ್ದರೆ, ಎದುರುಬದುರು ಸಾಲುಗಳ ನಡುವೆ ಮೊಣಕಾಲು ತಾಗದಷ್ಟು ಅಂತರವಿದ್ದರೆ ನಾಲ್ಕನೆಯವರೂ ಕೂರುತ್ತಾರೆ. ಚಾರ್ಜಿಂಗ್ ಪ್ಲಗ್ಗನ್ನು ಕಂಬದ ಬುಡದಲ್ಲಿಟ್ಟರೆ ಜನ ಕಂಬದ ಸುತ್ತ ನೆಲದ ಮೇಲೆ ಕೂತು ದಾರಿ ಕಟ್ಟುತ್ತಾರೆ. ಅದು ಇರಬೇಕಾದದ್ದು ಕುರ್ಚಿಗಳ ನಡುವೆಯೇ. ಎಲ್ಲ ಕುರ್ಚಿಗಳಿಗೂ ಕೈಯಾಸರೆ ಇಟ್ಟು ಯಾರೂ ಮಲಗದಂತೆ ಮಾಡುವುದು ರೂಢಿ. ಹಿರಿಯರು ಏಳುವಾಗ ಆ ಕೈಯಾಸರೆ ಹಿಡಿದೇ ಏಳಬೇಕು, ನಿಜ. ಆದರೆ ರಾತ್ರಿ ಎರಡರ ವಿಮಾನಕ್ಕೆ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಕೈಯಾಸರೆಯಿಲ್ಲದ ಒಂದೆರಡು ಸಾಲು ಬಿಟ್ಟಿರುವುದು ದೊಡ್ಡ ಉಪಕಾರ.

ಕಣ್ಣಿಗೆ, ಕಿವಿಗೆ

ಬೆಂಗಳೂರಿನ ಎರಡನೇ ಟರ್ಮಿನಲ್‌ನ ವಿನ್ಯಾಸ ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಸಂಸ್ಥೆಯದು. ಸಂಸ್ಕರಿಸಿದ ಬಿದಿರಿನ ಹಂದರ ಚಾವಣಿಯಾಗಿದೆ, ಅದರ ಮೂಲಕ ಬೆಳಕು ಸೋಸಿ ಇಳಿಯುತ್ತದೆ, ಚಾವಣಿಯಿಂದ ಗಿಡಗಳು ತೂಗುತ್ತವೆ, ಮುಖ್ಯ ಕಟ್ಟಡಕ್ಕೂ ಗೇಟುಗಳಿಗೂ ನಡುವೆ ಮರಗಿಡಗಳ ಪಟ್ಟಿಯಿದೆ. ಇದು ಬರೀ ಅಲಂಕಾರ ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಕಿಟಕಿಯಿಲ್ಲದ ಹಾಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತವರಿಗೆ ಹೊತ್ತು ಸರಿಯುವುದು ತಿಳಿಯುವುದಿಲ್ಲ. ನೆರಳು ಸರಿಯುವುದು, ಮೋಡ ಕವಿಯುವುದು ಕಂಡರೆ ಕಾಯುವುದಕ್ಕೂ ಒಂದು ಗತಿ ಬರುತ್ತದೆ. ಜೊತೆಗೆ ಕಲ್ಲು, ಗಾಜುಗಳಂತೆ ಸದ್ದನ್ನು ಸಪಾಟಾಗಿ ವಾಪಸು ಎಸೆಯದೆ ಹಂದರ ಅದನ್ನು ಚದುರಿಸುತ್ತದೆ.

ಸದ್ದಿನ ವಿಷಯ ಸಣ್ಣದಲ್ಲ. ಎತ್ತರದ ಚಾವಣಿ, ಗ್ರಾನೈಟ್ ನೆಲ, ಗಾಜಿನ ಗೋಡೆ ಇರುವ ಹಾಲಿನಲ್ಲಿ ಒಂದು ಮಾತು ಕೆಲವು ಸೆಕೆಂಡು ಗುಂಯ್‌ಗುಡುತ್ತದೆ. ಹಿಂದಿನ ಅಕ್ಷರ ಅಡಗುವ ಮೊದಲೇ ಮುಂದಿನದು ಬಂದು ಮೇಲೆ ಬೀಳುತ್ತದೆ. ಕೇಳಿಸುತ್ತಿಲ್ಲವೆಂದು ಧ್ವನಿ ಏರಿಸಿದರೆ ಗುಂಯ್ ಎನ್ನುವುದೂ ಏರುತ್ತದೆ. ದೊಡ್ಡ ಸ್ಪೀಕರ್ ಬಿಟ್ಟು ಸಣ್ಣ ಸ್ಪೀಕರ್‌ಗಳನ್ನು ಜನರ ಹತ್ತಿರ ಹತ್ತಿರ ಇಟ್ಟು, ಆಯಾ ಗೇಟಿನ ಪ್ರಕಟಣೆ ಆ ಗೇಟಿನಲ್ಲಷ್ಟೇ ಕೇಳಿಸುವುದು ಸರಿಯಾದ ದಾರಿ. ಭಾರತದ ಹಲವು ನಿಲ್ದಾಣಗಳು ಈಗ ಸಾರ್ವತ್ರಿಕ ಪ್ರಕಟಣೆಯನ್ನೇ ನಿಲ್ಲಿಸಿವೆ. ನಿಶ್ಶಬ್ದ ಹಿತವೇ. ಆದರೆ ಗೇಟು ಬದಲಾದದ್ದನ್ನು ಮಾತ್ರ ಕನ್ನಡದಲ್ಲೂ ಕೂಗಿ ಹೇಳಲೇಬೇಕು. ಪರದೆ ಓದಲಾಗದವರು ಕಿವಿಯನ್ನೇ ನಂಬಿ ಕೂತಿರುತ್ತಾರೆ.

ಫಲಕಗಳ ಮಾತಿಗೆ ಬಂದರೆ, ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ 1967ರಲ್ಲಿ ವಿನ್ಯಾಸಕ ಬೆನ್ನೊ ವಿಸಿಂಗ್ ರೂಪಿಸಿದ ಹಳದಿ ಫಲಕಗಳು ಜಗತ್ತಿಗೆ ಮಾದರಿಯಾದವು. ಅಕ್ಷರದ ಎತ್ತರಕ್ಕೆ ಒಂದು ಅಂದಾಜಿದೆ: 25 ಮಿಲಿಮೀಟರ್ ಅಕ್ಷರ ಏಳೆಂಟು ಮೀಟರ್ ದೂರಕ್ಕೆ, 100 ಮಿಲಿಮೀಟರ್ ಅಕ್ಷರ 30 ಮೀಟರ್‌ಗೆ. ಕನ್ನಡಕ್ಕೆ ಈ ಅಳತೆಯನ್ನು ಹಾಗೇ ಹಚ್ಚಿದರೆ ಕೆಡುತ್ತದೆ. ‘ಭದ್ರತಾ’ ಎಂದು ಬರೆಯುವಾಗ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಇಂಗ್ಲಿಷ್‌ನ ಕ್ಯಾಪಿಟಲ್ ಅಕ್ಷರ ಹಿಡಿಸುವ ಪಟ್ಟಿಯಲ್ಲೇ ಇದನ್ನು ತುರುಕಿದರೆ ಮೂಲ ಅಕ್ಷರ ಕುಗ್ಗಿ ದೂರದಿಂದ ಬರೀ ಸುರುಳಿಯಾಗಿ ಕಾಣುತ್ತದೆ. ಒತ್ತು ಬಿಟ್ಟು ಮೂಲ ಅಕ್ಷರದ ಎತ್ತರವನ್ನೇ ಅಳೆಯಬೇಕು, ಕೆಳಗೆ ಜಾಗ ಬಿಡಬೇಕು. ಪದದ ಆಯ್ಕೆಯಲ್ಲೂ ಎಚ್ಚರ ಬೇಕು. ‘ನಿರ್ಗಮನ’ ಎಂದರೆ ವಿಮಾನ ಹೊರಡುವ ಕಡೆಯೋ, ಕಟ್ಟಡದಿಂದ ಹೊರಬೀಳುವ ಬಾಗಿಲೋ? ಎರಡನೆಯದಕ್ಕೆ ‘ಹೊರದಾರಿ’ ಎಂಬ ಚೆಂದದ ಪದ ಇದೆ.

ಗಾಲಿಕುರ್ಚಿ ಕೇಳುವ ಹಿರಿಯರೆಲ್ಲ ನಡೆಯಲಾಗದವರಲ್ಲ. ಅಮೆರಿಕದ ಮಗನ ಮನೆಗೆ ಮೊದಲ ಸಲ ಹೊರಟ ತಂದೆತಾಯಿಗೆ ದಾರಿ ತಿಳಿಯುವುದಿಲ್ಲ, ಭಾಷೆ ಬರುವುದಿಲ್ಲ, ಜೊತೆಗೊಬ್ಬರು ಇರಲಿ ಎಂದು ಕೇಳುತ್ತಾರೆ. ಓದಿಸಿಕೊಳ್ಳುವ ಫಲಕ ಎಷ್ಟು ಜನರ ಧೈರ್ಯವಾಗಬಲ್ಲದು ಎಂಬುದಕ್ಕೆ ಇದೇ ಅಳತೆಗೋಲು.

ಬೆಲ್ಟಿನ ಬಳಿ, ಬಾಗಿಲಿನ ಆಚೆ

ಶೌಚಾಲಯದಲ್ಲಿ ಸಾಮಾನ್ಯವಾಗಿ ಮರೆಯುವುದು ಬ್ಯಾಗನ್ನು. ಒಬ್ಬಂಟಿ ಪ್ರಯಾಣಿಕರು ಟ್ರಾಲಿ ಬ್ಯಾಗನ್ನು ಹೊರಗೆ ಬಿಡುವಂತಿಲ್ಲ. ಬಾಗಿಲು ಒಳಕ್ಕೆ ತೆರೆದರೆ ಬ್ಯಾಗು, ಮನುಷ್ಯ, ಬಾಗಿಲು ಮೂರೂ ಹಿಡಿಸುವುದಿಲ್ಲ. ಹೊರಕ್ಕೆ ತೆರೆಯಬೇಕು, ಕೊಕ್ಕೆ ಗಟ್ಟಿಯಿರಬೇಕು, ಹೊರಬಾಗಿಲಿನ ಬದಲು ತಿರುವಿನ ಗೋಡೆ ಇರಬೇಕು.

ಇಳಿದ ಮೇಲೆ ಲಗೇಜಿನ ಬೆಲ್ಟು. ಹೂಸ್ಟನ್ ನಿಲ್ದಾಣದ ಕತೆ ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಸಿಬ್ಬಂದಿ ಹೆಚ್ಚಿಸಿ ಕಾಯುವುದನ್ನು ಎಂಟು ನಿಮಿಷಕ್ಕೆ ಇಳಿಸಿದರೂ ದೂರು ನಿಲ್ಲಲಿಲ್ಲ. ಬೆಲ್ಟಿಗೆ ನಡಿಗೆ ಒಂದು ನಿಮಿಷ, ನಿಲ್ಲುವುದು ಏಳು ನಿಮಿಷ ಇತ್ತು. ನಡಿಗೆಯನ್ನು ಆರು ಪಟ್ಟು ಉದ್ದ ಮಾಡಿದಾಗ ದೂರು ಹೆಚ್ಚುಕಮ್ಮಿ ನಿಂತೇಹೋಯಿತು. ಮನಸ್ಸಿನ ಬಗ್ಗೆ ಇದು ನಿಜ ಹೇಳುತ್ತದೆ, ಆದರೆ ಅನುಕರಣೆಗೆ ಯೋಗ್ಯವಲ್ಲ. ಕಾಲು ನೋಯುವವರಿಗೆ ಆ ಉದ್ದದ ನಡಿಗೆ ಶಿಕ್ಷೆ. ‘ಮೊದಲ ಬ್ಯಾಗು 9 ನಿಮಿಷದಲ್ಲಿ’ ಎಂದು ಪರದೆಯಲ್ಲಿ ಹಾಕಿ ಅದನ್ನು ಪಾಲಿಸಿದರೆ ಅದೇ ಪರಿಣಾಮ ಸಿಗುತ್ತದೆ, ಯಾರನ್ನೂ ದಂಡಿಸದೆ.

ನಕ್ಷೆಯಲ್ಲಿ ಎಲ್ಲರಿಗಿಂತ ಕಡಿಮೆ ಜಾಗ ಸಿಗುವುದು ಟಿಕೆಟ್ ಇಲ್ಲದವರಿಗೆ. ನಮ್ಮಲ್ಲಿ ಒಬ್ಬರನ್ನು ಕಳಿಸಲು ಐದು ಜನ ಬರುತ್ತಾರೆ, ಬಾಗಿಲಿನಾಚೆಗೆ ಅವರಿಗೆ ಪ್ರವೇಶವಿಲ್ಲ. ಹೊರಗಿನ ಗಾಜಿನಿಂದ ಚೆಕ್-ಇನ್ ಕೌಂಟರ್ ಕಾಣುವಂತಿದ್ದರೆ ಬ್ಯಾಗು ಒಪ್ಪಿಸಿ ತಿರುಗಿ ಕೈಬೀಸುವವರೆಗೂ ಅವರು ನೋಡುತ್ತ ನಿಲ್ಲಬಹುದು. ಆ ಗಾಜಿಗೆ ಜಾಹೀರಾತು ಅಂಟಿಸಬಾರದು. ಪಕ್ಕದಲ್ಲಿ ನೆರಳು, ನಾಲ್ಕು ಬೆಂಚು, ಕುಡಿಯುವ ನೀರು, ವಿಮಾನ ಹೊರಟಿತೇ ಎಂದು ತೋರಿಸುವ ಒಂದು ಪರದೆ ಇರಬೇಕು. ಪರದೆಯಲ್ಲಿ ‘ಹೊರಟಿದೆ’ ಎಂದು ಬಂದ ಮೇಲೆಯೇ ಅವರು ಗಾಡಿಯ ಕಡೆ ತಿರುಗುವುದು.